ಹುಲಿಗೆಮ್ಮನ ಬೊಗಸೆ ಮತ್ತು ನನ್ನ ಇಲಿಗಳು

ಮೊನ್ನೆ ನಾನು ಬುಕ್ಕಸಾಗರಕ್ಕೆ ಟಿಕೆಟ್ ತೆಗೆಸಿ ಕಂಪ್ಲಿಯಲ್ಲಿ ಇಳಿದೆ. ನಿದ್ದೆ ಬಂದುಬಿಟ್ಟಿತ್ತು ಎಂದು ಬೇಕಾದರೆ ಹೇಳಬಹುದು, ಕಂಡಕ್ಟರನಿಗೆ ಹಾಗೇ ಹೇಳಿದೆ ಕೂಡ. ಆದರೆ ನಿಮಗೆ ಸುಳ್ಳು ಹೇಳಿ ನನಗೇನಾಗಬೇಕು? ಎಚ್ಚರವಾಗಿಯೇ ಇದ್ದೆ. 'ಬುಕ್ಕಸಾಗರ, ಬುಕ್ಕಸಾಗರ, ಯಾರ್ರೀ ಇಳಿಯೋರು, ಜಲ್ದಿ ಬರ್ರಿ' ಎಂದು ಅವನು ಎರಡು ಸಲ ಕೂಗಿದಾಗ ನಾನು ಕಿಟಕಿಯಾಚೆಯ ಗದ್ದೆಗಳನ್ನು ಜನ್ಮದಲ್ಲಿ ಭತ್ತ ಕಾಣದವನ ಹಾಗೆ ನೋಡುತ್ತ ಕೂತಿದ್ದೆ. ಆ ಊರಿನ ಒಬ್ಬ ಹೆಂಗಸಿಗೆ ಹದಿನೆಂಟು ವರ್ಷದ ಹಿಂದೆಯೇ ಹೇಳಬೇಕಾಗಿದ್ದ ಒಂದು ಮಾತಿತ್ತು. ಅದನ್ನು ಹೇಳಲೆಂದೇ ಹೊಸಪೇಟೆಯಿಂದ ಹೊರಟಿದ್ದೆ. ಊರು ಬಂದಾಗ ಏಳಲಿಲ್ಲ.

ಕಂಪ್ಲಿಯ ಹತ್ತಿರ ಬಸ್ಸು ಒಂದು ಅಕ್ಕಿ ಗಿರಣಿಯ ಪಕ್ಕ ನಿಧಾನವಾಯಿತು. ಭತ್ತದ ಹೊಟ್ಟಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿದ್ದವರು ಟವಲಿನಿಂದ ಮೂಗು ಮುಚ್ಚಿಕೊಂಡು 'ಏನ್ ಧೂಳ್ರೀ ಇದು' ಎಂದರು. ನಾನು ಮಾತ್ರ ಮೂಗಿನ ತುಂಬ ಎಳೆದುಕೊಂಡೆ. ಹೊಟ್ಟಿನ ವಾಸನೆ ಬಂದರೆ ನಿಮಗೆ ಗಿರಣಿ ನೆನಪಾಗಬಹುದು, ಸುಗ್ಗಿ ನೆನಪಾಗಬಹುದು. ನನಗೆ ನೆನಪಾಗುವುದು ಇಲಿ. ಬಿಳಿ ಇಲಿ, ಕೆಂಪು ಕಣ್ಣು, ಗುಲಾಬಿ ಬಾಲ. ಔಷಧಿ ಪರೀಕ್ಷೆಗೆಂದು ಸಾಕುವ ಇಲಿಗಳ ಪಂಜರಕ್ಕೆ ಹಾಸುವುದು ಈ ಹೊಟ್ಟನ್ನೇ. ನಾನು ಓದಿದ ಫಾರ್ಮಸಿ ಕಾಲೇಜಿಗೆ ಚೀಲಗಟ್ಟಲೆ ಹೊಟ್ಟು ಬರುತ್ತಿದ್ದುದು ಕಂಪ್ಲಿಯಿಂದಲೇ. ಆ ವಾಸನೆ ಕುಡಿದ ಮೇಲೆ ಇನ್ನು ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ ಎನ್ನಿಸಿತು. ಇಳಿದು, ವಾಪಸ್ ಹೋಗುವ ಬಸ್ಸಿಗೆ ಕಾಯುತ್ತ ಕೂತೆ. ಬಸ್ಸು ಬರುವವರೆಗೆ ನಿಮಗೆ ಸಂಗತಿಯನ್ನು ಹೇಳಿಬಿಡುತ್ತೇನೆ.

ನಮ್ಮದು ಹೊಸಪೇಟೆಯ ವೈಷ್ಣವರ ಮನೆ. ಏಕಾದಶಿಗೆ ಒಲೆ ಹಚ್ಚುವುದಿಲ್ಲ, ಇಲಿ ಬೋನಿಗೆ ಬಿದ್ದರೆ ಕೊಲ್ಲುವುದಿಲ್ಲ. ಹಂಪಿಯ ಒಂದು ಸಣ್ಣ ಗುಡಿಯಲ್ಲಿ ಪೂಜೆ ಮಾಡುತ್ತಿದ್ದ ನಮ್ಮ ಸೋದರಮಾವ ಬೋನನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ, ಇಲಿಯನ್ನು ಕಾಲುವೆಯ ಆಚೆ ಬಿಟ್ಟು ಬರುತ್ತಿದ್ದ. ಮಾವ ಮನೆ ಮುಟ್ಟುವ ಮೊದಲೇ ಆ ಇಲಿ ಮುಟ್ಟಿರುತ್ತದೆ ಎಂಬುದು ಅಪ್ಪನ ವಾದ. ಅದನ್ನು ಸಾಧಿಸಲೆಂದು ಒಮ್ಮೆ ಇಲಿಯ ಬೆನ್ನಿಗೆ ಕುಂಕುಮ ಬಳಿದು ಕಳಿಸಿದ. ನಾಲ್ಕನೆಯ ದಿನ ಕುಂಕುಮ ಹಚ್ಚಿಕೊಂಡ ಇಲಿ ಅಡುಗೆಮನೆಯಲ್ಲಿ ಪ್ರತ್ಯಕ್ಷವಾದಾಗ ಅಮ್ಮ ಭಕ್ತಿಯಿಂದ ಕೈ ಮುಗಿದಳು. ನಮ್ಮ ವಂಶದಲ್ಲಿ ಇಲಿಯ ಮೇಲೆ ನಡೆದ ಮೊದಲ ಪ್ರಯೋಗ ಅದೇ ಇರಬೇಕು. ಎರಡನೆಯದನ್ನು ನಾನು ಮಾಡಿದೆ.

ಔಷಧಿಶಾಸ್ತ್ರದಲ್ಲಿ ಎಂ.ಫಾರ್ಮ್ ಸೇರಿ, ಇಲಿಗಳ ಮೇಲೆ ಪರೀಕ್ಷೆ ಮಾಡುತ್ತೇನೆ ಎಂದು ಮನೆಯಲ್ಲಿ ಹೇಳಿದೆ. ಮರುದಿನದಿಂದ ಅಮ್ಮ ಹಿತ್ತಿಲಲ್ಲಿ ಒಂದು ಹಂಡೆ ನೀರು ಇಡತೊಡಗಿದಳು. ಸ್ನಾನವಾಗದೆ ನನಗೆ ಒಳಗೆ ಪ್ರವೇಶವಿರಲಿಲ್ಲ. ಮಾವ ಮಾತ್ರ ನೇರವಾಗಿ ಕೇಳಿದ: 'ಅಲ್ಲೋ, ನಾ ಕಾಲುವೆ ದಾಟಿಸಿದ ಇಲಿಗಳೆಲ್ಲಾ ನಿಮ್ಮ ಕಾಲೇಜಿಗೇ ಬಂದು ಸೇರ್ಯಾವೇನು?' ನೀನು ದಿನಾ ನುಂಗುವ ಬಿ.ಪಿ. ಗುಳಿಗೆ ಮೊದಲು ಇಲಿಯ ಹೊಟ್ಟೆಗೇ ಹೋಗಿ ಬಂದದ್ದು ಎಂದೆ. ಅದು ಸುಳ್ಳಲ್ಲ. ಆದರೆ ಮಾವನ ಮುಖ ನೋಡಿದಾಗ, ನಿಜ ಹೇಳಿಯೂ ಮನುಷ್ಯ ಸಣ್ಣವನಾಗಬಹುದು ಎಂದು ಗೊತ್ತಾಯಿತು.

ಕಾಲೇಜಿನ ಹಿಂಭಾಗದಲ್ಲಿ ಎರಡು ಕೋಣೆಗಳ ಆನಿಮಲ್ ಹೌಸ್. ಅದನ್ನು ನೋಡಿಕೊಳ್ಳುತ್ತಿದ್ದಾಕೆ ಹುಲಿಗೆಮ್ಮ. ಬುಕ್ಕಸಾಗರದಾಕೆ. ಗಂಡ ತೋರಣಗಲ್ಲಿನಲ್ಲಿ ಕಾಂಟ್ರಾಕ್ಟ್ ಕೆಲಸಕ್ಕಿದ್ದ. ಆಕೆ ನಾಟಿ ಕೆಲಸ ಬಿಟ್ಟು ಕಾಲೇಜಿನ ಕಸ ಗುಡಿಸಲು ಬಂದವಳು, ಬೇರೆಯವರೆಲ್ಲ ಒಲ್ಲೆವೆಂದದ್ದಕ್ಕೆ 'ಇಲಿ ಮನಿ'ಗೆ ಬಿದ್ದವಳು. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು. ಆಕೆ ನನ್ನನ್ನು 'ಆಚಾರ್ರ, ಬರ್ರಿ' ಅನ್ನುತ್ತಿದ್ದಳು, ನಾನು ಆಕೆಯನ್ನು 'ಬಾರಮ್ಮ, ಹೋಗಮ್ಮ' ಅನ್ನುತ್ತಿದ್ದೆ. ಆಗ ಅದರಲ್ಲಿ ಏನೂ ತಪ್ಪು ಕಾಣಿಸಿರಲಿಲ್ಲ.

ಇಲಿಯನ್ನು ಎತ್ತುವುದು ಹೇಗೆ? ನಮ್ಮ ಪುಸ್ತಕದಲ್ಲಿ ಚಿತ್ರವಿತ್ತು: ಬಾಲದ ಬುಡ ಹಿಡಿ, ಎತ್ತು. ಜಲ್ದಿ ಕೆಲಸ. ಹುಲಿಗೆಮ್ಮನಿಗೆ ಪುಸ್ತಕದ ಗೊಡವೆ ಇರಲಿಲ್ಲ. ಪಂಜರದೊಳಗೆ ಕೈ ಇಟ್ಟು, ಅಲ್ಲಿ ಕೈ ಇದೆ ಎಂಬುದನ್ನೇ ಮರೆತವಳ ಹಾಗೆ ಬೇರೆ ಎಲ್ಲೋ ನೋಡುತ್ತ ನಿಲ್ಲುವಳು. ಇಲಿ ಬಂದು ಮೂಸುವುದು, ಹೋಗುವುದು, ಮತ್ತೆ ಬರುವುದು, ಕೊನೆಗೆ ತಾನಾಗಿಯೇ ಅಂಗೈ ಹತ್ತುವುದು. ಆಗ ಇನ್ನೊಂದು ಕೈ ಕೂಡಿಸಿ ಬೊಗಸೆ ಮಾಡಿ ಎತ್ತುವಳು. ನನಗೆ ತಾಳ್ಮೆ ಕಡಿಮೆ. 'ಹಿಂಗ ಮಾಡಿದ್ರ ಸಂಜೀ ಆಗ್ತದ ನೋಡಮ್ಮ' ಎಂದು ಗದರಿದರೆ, 'ಆಗ್ಲಿ ಬಿಡ್ರಿ ಆಚಾರ್ರ, ಅವಕೇನು ಬಸ್ಸಿಗೆ ಹೋಗೋದೈತೇನು?' ಅನ್ನುವಳು.

ನನ್ನ ಪ್ರಯೋಗ ಒಂದೆಲಗದ ಮೇಲೆ. ಕಾಲುವೆಯ ದಂಡೆಯಲ್ಲಿ ಬೆಳೆಯುತ್ತದಲ್ಲ, ಅದೇ ಸೊಪ್ಪು. ಅದರ ರಸ ಭಯವನ್ನು ಕಡಿಮೆ ಮಾಡುತ್ತದೆಯೇ ಎಂದು ನೋಡಬೇಕಿತ್ತು. ಇಲಿಯನ್ನು ಭಯವೇನಪ್ಪ ನಿನಗೆ ಎಂದು ಕೇಳಲು ಬರುವುದಿಲ್ಲವಷ್ಟೆ; ಅದಕ್ಕೊಂದು ಉಪಾಯವಿದೆ. ಸೊಂಟದೆತ್ತರದಲ್ಲಿ, ಅಧಿಕ ಚಿಹ್ನೆಯ ಆಕಾರದ ಒಂದು ಮರದ ಹಲಗೆ. ಅದರ ಎರಡು ತೋಳಿಗೆ ಗೋಡೆಯಿದೆ, ಎರಡಕ್ಕಿಲ್ಲ. ಹೆದರಿದ ಇಲಿ ಗೋಡೆಯ ಮರೆಯಲ್ಲಿ ಕೂರುತ್ತದೆ. ಹೆದರಿಕೆ ಕಡಿಮೆಯಾದದ್ದು ಬಯಲಿಗೆ ಬರುತ್ತದೆ. ಹನ್ನೆರಡು ಇಲಿಗಳಿಗೆ ರಸ, ಹನ್ನೆರಡಕ್ಕೆ ಬರೀ ನೀರು. ರಸ ಮುಖ್ಯವಾದದ್ದು, ಅದನ್ನು ನಾನೇ ಕುಡಿಸಿದೆ. ನೀರು ತಾನೇ ಎಂದು ಉಳಿದ ಹನ್ನೆರಡನ್ನು ಹುಲಿಗೆಮ್ಮನಿಗೆ ಬಿಟ್ಟೆ. ಸೋಮಾರಿತನ ಎನ್ನಿ, ಒಪ್ಪಿಕೊಳ್ಳುತ್ತೇನೆ.

ಪರೀಕ್ಷೆಯ ದಿನ ನೀರು ಕುಡಿದ ಇಲಿಗಳು ಹಂಪಿ ನೋಡಲು ಬಂದ ಪ್ರವಾಸಿಗಳ ಹಾಗೆ ಬಯಲಲ್ಲೆಲ್ಲ ಅಡ್ಡಾಡಿದವು. ಔಷಧಿ ಕುಡಿದವು ಗೋಡೆಗೆ ಅಂಟಿಕೊಂಡು ಕೂತವು. ಭಯ ಕಳೆಯಬೇಕಾದ ಸೊಪ್ಪು ಭಯ ಹುಟ್ಟಿಸಿದ ಹಾಗಾಯಿತು! ನನ್ನ ತಲೆ ಕೆಟ್ಟಿತು. ತಪ್ಪು ಎಲ್ಲಿ ಎಂದು ಹುಡುಕುವಾಗ ಮನುಷ್ಯನ ಬೆರಳು ಮೊದಲು ತನಗಿಂತ ಕೆಳಗಿನವರ ಕಡೆಗೇ ಹೋಗುತ್ತದೆ. ನಾನು ನೇರವಾಗಿ ನನ್ನ ಪ್ರಬಂಧದ ಗೈಡ್ ಆಗಿದ್ದ ಮೇಷ್ಟ್ರ ಹತ್ತಿರ ಹೋದೆ. ಅವರು ಸಂಡೂರಿನವರು, ಮೃದು ಸ್ವಭಾವದವರು. 'ಸರ್, ಹುಲಿಗೆಮ್ಮ ಆ ಇಲಿಗಳನ್ನ ಮುದ್ದು ಮಾಡಿ ಕೆಡಿಸ್ಯಾಳ್ರೀ' ಎಂದೆ.

'ಹಂಗಾದ್ರ ಇನ್ನ ಮ್ಯಾಲ ಆಕಿ ಇಲಿ ಮುಟ್ಟೋದು ಬ್ಯಾಡ. ಪಂಜರ ತೊಳಕೊಂಡಿರ್ಲಿ' ಎಂದರು ಅವರು.

ಆ ಅಪ್ಪಣೆಯನ್ನು ತಲುಪಿಸಿದವನೂ ನಾನೇ. ಹುಲಿಗೆಮ್ಮ ಕೈಯಲ್ಲಿದ್ದ ಹೊಟ್ಟಿನ ಪುಟ್ಟಿಯನ್ನು ಕೆಳಗಿಟ್ಟು ಕೇಳಿದಳು: 'ನನ್ನಿಂದ ಏನಾರ ತಪ್ಪಾತೇನ್ರಿ, ಆಚಾರ್ರ?'

'ಹೂಂ' ಎಂದೆ.

ಅಷ್ಟೇ. ಆ ಒಂದು 'ಹೂಂ' ಅನ್ನು ಹಿಂದಕ್ಕೆ ತೆಗೆದುಕೊಳ್ಳಲೆಂದು ನಾನು ಮೊನ್ನೆ ಬಸ್ಸು ಹತ್ತಿದ್ದು.

ಪ್ರಯೋಗ ಮುಗಿದ ದಿನ ಇಲಿಗಳನ್ನು ಕೊಲ್ಲುತ್ತಾರೆ, ಮಿದುಳು ತೆಗೆದು ನೋಡುವುದಿರುತ್ತದೆ. ಇದನ್ನು ಹೇಳುವುದಕ್ಕೆ ನಮ್ಮ ವಿದ್ಯೆಯಲ್ಲಿ ಮೆತ್ತನೆಯ ಪದಗಳು ಬೇಕಾದಷ್ಟಿವೆ, ಆದರೆ ಅದು ಕೊಲ್ಲುವುದೇ. ಆ ಇಪ್ಪತ್ತನಾಲ್ಕು ಹೋದವು. ಮತ್ತೆ ಇಪ್ಪತ್ತನಾಲ್ಕು ತರಿಸಿದೆ. ಈ ಸಲ ಎಲ್ಲವನ್ನೂ ನಾನೇ ಎತ್ತಿದೆ, ನಾನೇ ಕುಡಿಸಿದೆ. ಈ ಸಲ ಎಲ್ಲವೂ ಗೋಡೆ ಹಿಡಿದು ಕೂತವು. ಒಂದು ನನ್ನ ಹೆಬ್ಬೆರಳನ್ನು ಕಚ್ಚಿಯೂ ಕಚ್ಚಿತು. ಔಷಧಿಗೂ ನೀರಿಗೂ ವ್ಯತ್ಯಾಸವೇ ಇಲ್ಲ.

ಬೆರಳಿಗೆ ಪಟ್ಟಿ ಸುತ್ತಿಕೊಂಡು ಆನಿಮಲ್ ಹೌಸಿನ ಬಾಗಿಲಲ್ಲಿ ನಿಂತಿದ್ದೆ. ಹುಲಿಗೆಮ್ಮ ಬಕೆಟ್ಟು ಹಿಡಿದು ಪಂಜರಗಳ ಮುಂದೆ ಹಾದುಹೋದಳು. ಮುಟ್ಟಲಿಲ್ಲ, ಮುಟ್ಟುವಂತಿರಲಿಲ್ಲ; ದಿನಾ ಕಾಳು, ನೀರು ಇಡುವವಳು ಮಾತ್ರ ಆಕೆಯೇ. ಆಕೆ ಹೋದ ಹಾಗೆಲ್ಲ ಒಂದೊಂದು ಪಂಜರದ ಇಲಿಗಳೂ ಮುಂದಿನ ಸರಳಿಗೆ ಬಂದು, ಮೂಗು ಹೊರಗೆ ಹಾಕಿ ನಿಂತವು. ಆಮೇಲೆ ನಾನು ಒಳಗೆ ಕಾಲಿಟ್ಟೆ. ಸರಳು ಬಿಟ್ಟು ಎಲ್ಲವೂ ಹಿಂದಿನ ಮೂಲೆಗೆ ಓಡಿ ಒಂದರ ಮೇಲೊಂದು ಹತ್ತಿದವು. ಒಂದೆಲಗ ಪಾಪ ಯಾರನ್ನೂ ಹೆದರಿಸಿರಲಿಲ್ಲ. ಹೆದರಿಸಿದ್ದು ನಾನು. ದಿನಾ ಬಾಲ ಹಿಡಿದು ಗಾಳಿಯಲ್ಲಿ ತೂಗಾಡಿಸಿದ ಇಲಿ ಧೈರ್ಯವಂತನಾಗುವುದು ಹೇಗೆ? ನಾನು ಅಳೆದದ್ದು ಔಷಧಿಯ ಗುಣವನ್ನಲ್ಲ, ಎರಡು ಜೊತೆ ಕೈಗಳ ಗುಣವನ್ನು.

ಹೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದೆಲಗ ಭಯ ಹೆಚ್ಚಿಸುತ್ತದೆ ಎಂದು ಬರೆದು, ಹೊಸ ಸಂಶೋಧನೆ ಎಂದು ಬೆನ್ನು ತಟ್ಟಿಸಿಕೊಳ್ಳಬಹುದಿತ್ತು. ಎರಡು ದಿನ ಆ ಆಸೆ ನನ್ನನ್ನು ಬಿಡಲಿಲ್ಲ, ಅಷ್ಟರಲ್ಲಿ ಎರಡನೆಯ ಇಪ್ಪತ್ತನಾಲ್ಕೂ ಹೋದವು. ಮೂರನೆಯ ದಿನ ಗೈಡ್ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಎರಡೂ ಸಲದ ಲೆಕ್ಕ ಕೂಡಿಸಿ, 'ನಲವತ್ತೆಂಟು ಜೀವ ಹೋದವಲ್ಲಪಾ ಆಚಾರ್ಯ' ಎಂದರು. ಆಮೇಲೆ, 'ಹೇಳಿದ್ದು ಛಲೋ ಆತು. ಇಲ್ಲಾಂದ್ರ ನಿನ್ನ ಸುಳ್ಳು ಓದಿ ಇನ್ನೊಬ್ಬ ಮತ್ತ ನಲವತ್ತೆಂಟು ಕಳೀತಿದ್ದ' ಎಂದರು. ಅವರ ಆ ಮಾತನ್ನು ನಾನು ಇವತ್ತಿಗೂ ಪಾಠ ಮಾಡುವಾಗ ಹೇಳುತ್ತೇನೆ.

ಹುಲಿಗೆಮ್ಮನನ್ನು ವಾಪಸ್ ಕರೆಸಿದರು. ಹೋಗಿ ಕರೆದವನು ನಾನೇ. 'ಸರ್ ಕರೀಲಿಕ್ಕೆ ಹತ್ಯಾರ, ಬಾರಮ್ಮ' ಎಂದೆನೇ ಹೊರತು ತಪ್ಪು ನಂದಿತ್ತು ಎನ್ನಲಿಲ್ಲ. ಆಕೆ ಒಂದು ತಿಂಗಳು ನನಗೆ ಬೊಗಸೆ ಹಿಡಿಯುವುದನ್ನು ಕಲಿಸಿದಳು, ಆಗಲೂ ಹೇಳಲಿಲ್ಲ. ಇಲಿಗಳೆಲ್ಲ ಸಮಾಧಾನದಲ್ಲಿದ್ದಾಗ ಫಲಿತಾಂಶಗಳು ದಿಕ್ಕಾಪಾಲಾಗುವುದಿಲ್ಲ, ಆದ್ದರಿಂದ ಮೂರನೆಯ ಸಲ ಹನ್ನೆರಡೇ ಇಲಿ ಸಾಕಾದವು. ಒಂದೆಲಗಕ್ಕೆ ಹೇಳಿಕೊಳ್ಳುವಂಥ ಗುಣವೇನೂ ಕಾಣಲಿಲ್ಲ. ಪ್ರಬಂಧದಲ್ಲಿ, 'ಪ್ರಾಣಿಗಳನ್ನು ಹಿಡಿಯುವ ಕ್ರಮದಲ್ಲಿ ವ್ಯತ್ಯಾಸವಾಗಿದ್ದುದು ಕಂಡುಬಂದಿತು' ಎಂದು ಬರೆದೆ. ಎಂಥ ಅಂದದ ವಾಕ್ಯ ನೋಡಿ! ವ್ಯತ್ಯಾಸ ತಾನಾಗಿಯೇ ಆಯಿತು, ತಾನಾಗಿಯೇ ಕಂಡುಬಂತು, ನಡುವೆ ಒಬ್ಬ ಮನುಷ್ಯನೂ ಇಲ್ಲ. ಮರುವರ್ಷ ಹುಲಿಗೆಮ್ಮ ಕೆಲಸ ಬಿಟ್ಟಳೆಂದು ಕೇಳಿದೆ.

ಈಗ ಅದೇ ಕಾಲೇಜಿನಲ್ಲಿ ನಾನು ಮೇಷ್ಟ್ರು. ಕಾಲ ಸುಧಾರಿಸಿದೆ. ಕಪ್ಪೆಯ ಹೃದಯ ಹೇಗೆ ಬಡಿಯುತ್ತದೆಂದು ನಮ್ಮ ಮಕ್ಕಳು ಕಂಪ್ಯೂಟರಿನಲ್ಲಿ ನೋಡಿ ಕಲಿಯುತ್ತಾರೆ, ಕಪ್ಪೆಗಳು ಮಳೆಗಾಲದಲ್ಲಿ ಹೊರಗೆ ಒದರಿಕೊಂಡು ಸುಖವಾಗಿವೆ. ಇಲಿ ಬೇಕೇಬೇಕು ಎನ್ನುವವರು ನೈತಿಕ ಸಮಿತಿಯ ಮುಂದೆ ಬರಬೇಕು. ಆ ಸಮಿತಿಯಲ್ಲಿ ನಾನೂ ಇದ್ದೇನೆ. ಇಲಿ ಇಲ್ಲದೆ ಆಗುವುದಿಲ್ಲವೇ, ಇಷ್ಟೇ ಯಾಕೆ ಬೇಕು, ಇದಕ್ಕಿಂತ ಕಡಿಮೆಗೆ ಆಗುವುದಿಲ್ಲವೇ ಎಂದು ಕೇಳಿ ಕೇಳಿ ಪ್ರಾಣ ತಿನ್ನುತ್ತೇನೆಂದು ವಿದ್ಯಾರ್ಥಿಗಳು ನನ್ನನ್ನು ಬೈದುಕೊಳ್ಳುತ್ತಾರೆ. ಬೈಯಲಿ. ಹೋದ ವಾರ ನಮ್ಮ ವಿಭಾಗದ ಹೊಸ ಮೇಡಂ ಒಬ್ಬರು ಉತ್ಸಾಹದಿಂದ ಓಡಿಬಂದರು. 'ಸರ್, ಹೊರದೇಶದವರು ಬರೆದಿದ್ದಾರೆ. ಬಾಲ ಹಿಡಿಯಬಾರದಂತೆ, ಬೊಗಸೆಯಲ್ಲಿ ಎತ್ತಬೇಕಂತೆ, ಫಲಿತಾಂಶವೇ ಬದಲಾಗುತ್ತದಂತೆ! ನಮ್ಮ ಮಕ್ಕಳಿಗೆ ಯಾರಾದರೂ ತಜ್ಞರನ್ನು ಕರೆಸಿ ಕಲಿಸೋಣವೇ?' ಕರೆಸೋಣ ಎಂದೆ. ತಜ್ಞರ ಊರು ಯಾವುದು ಎಂದು ಅವರು ಕೇಳಿದಾಗ ನನಗೆ ನಗು ಬಂತು.

ಬಸ್ಸು ಬಂತು. ಈ ಸಲ ಕಂಡಕ್ಟರು ಕೂಗುವ ಮೊದಲೇ ಎದ್ದು ಬಾಗಿಲಿಗೆ ಬಂದು ನಿಂತೆ.

ಹುಲಿಗೆಮ್ಮ ಮನೆಯ ಮುಂದೆ ಕೂತು ಅವರೆ ಸುಲಿಯುತ್ತಿದ್ದಳು. ಕೂದಲು ಬೆಳ್ಳಗಾಗಿದೆ. ಒಂದು ಕ್ಷಣ ನೋಡಿ, 'ಆಚಾರ್ರ ಅಲ್ಲೇನ್ರಿ? ಬರ್ರಿ, ಕುಂದ್ರಿ. ಹೊಟ್ಟಿ ಬಂದೈತಲ್ರೀ ನಿಮಗ' ಎಂದಳು. ಒಳಗೆ ಗೋಡೆಯ ಮೇಲೆ ಬುದ್ಧನ ಪಟ. ಮಗಳು ಸುಜಾತ ಚಹಾ ತಂದಳು. ತೋರಣಗಲ್ಲಿನ ಆಸ್ಪತ್ರೆಯಲ್ಲಿ ನರ್ಸಂತೆ, ಅಂದು ರಜೆಯ ಮೇಲಿದ್ದಳು. ಹಿಂದೆ ನಾನು ಹುಲಿಗೆಮ್ಮನ ಕೈಯ ಚಹಾ ಕುಡಿದವನಲ್ಲ. ಕಾರಣ ಕೇಳಬೇಡಿ, ಕಾರಣ ಒಳ್ಳೆಯದಲ್ಲ. ಮೊನ್ನೆ ಕುಡಿದೆ. ಕುಡಿದು, 'ಹುಲಿಗೆಮ್ಮಕ್ಕಾ' ಎಂದೆ. ಹಾಗೆ ಕರೆದದ್ದೂ ಮೊದಲ ಸಲವೇ. 'ಆವತ್ತು ನೀವು ತಪ್ಪಾತೇನು ಅಂತ ಕೇಳಿದ್ರಿ. ನಾ ಹೂಂ ಅಂದೆ. ತಪ್ಪು ನಿಮ್ಮದಿರ್ಲಿಲ್ಲ. ನನ್ನ ಕೈಯಾಗಿತ್ತು. ಗೊತ್ತಾದ ಮೇಲೂ ನಿಮಗ ಹೇಳ್ಲಿಲ್ಲ.'

ಆಕೆ ಅವರೆಕಾಯಿ ಬಿಡಿಸುತ್ತಲೇ ಇದ್ದಳು. 'ನನಗ್ಯಾಕ ಹೇಳ್ತೀರಿ?' ಎಂದಳು ಕೊನೆಗೆ. 'ನಾನು ಒಂದ್ ತಿಂಗಳು ಪಂಜರ ತೊಳದೆ, ಮುಗೀತು. ಹೇಳೋದಿದ್ರ ಆ ಇಲಿಗಳಿಗೆ ಹೇಳಬೇಕಿತ್ತು.'

ಚಹಾದ ಲೋಟ ಕೆಳಗಿಟ್ಟು, ನಮ್ಮ ಮಕ್ಕಳಿಗೆ ಕಲಿಸಲು ಬರುತ್ತೀರಾ ಎಂದು ಕೇಳಿದೆ. ಒಲ್ಲೆ ಎಂದಳು. 'ನಾನ್ಯಾಕ ಬಿಟ್ಟೆ ಗೊತ್ತೈತೇನ್ರಿ? ಅವು ನನ್ನ ನಂಬಿ ಕೈಯಾಗ ಬರ್ತಿದ್ವು. ಕಡೀ ದಿನ ಅದೇ ಕೈಲೆ ಎತ್ತಿ ನಿಮಗ ಕೊಡಬೇಕಿತ್ತು. ನನ್ನ ಕೈಲೆ ಆಗ್ಲಿಲ್ಲ. ಭಾಳ ಸಂಕಟ ಅದು.'

ಮಾತು ಬದಲಿಸಲೆಂದು, ಹಾಗೆ ಎತ್ತುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. ಹಿಂದೆ ಒಮ್ಮೆಯೂ ಕೇಳಿರಲಿಲ್ಲ ನೋಡಿ. ಹುಲಿಗೆಮ್ಮ ಮಗಳ ಕಡೆ ಗದ್ದ ಎತ್ತಿ ತೋರಿಸಿದಳು.

'ಈಕಿ ಏಳನೇ ತಿಂಗಳಿಗೆ ಹುಟ್ಟಿದಾಕಿ. ಇಷ್ಟಿದ್ಲು. ರೆಟ್ಟಿ ಹಿಡಿದು ಎತ್ತಿದ್ರ ಮುರೀತಿತ್ತು. ಬಳ್ಳಾರಿ ಆಸ್ಪತ್ರ್ಯಾಗ ಸಿಸ್ಟರಮ್ಮ ಹೇಳಿಕೊಟ್ರು, ಕೆಳಗಿಂದ ಎರಡೂ ಕೈ ಕೊಟ್ಟು ಎತ್ತವಾ ಅಂತ. ಹಂಗ ಎತ್ತೆತ್ತೇ ಬೆಳಸೀನಿ.'

'ಹೆರಿಗೆಗಿಂತ ಮುಂಚೆ ಅಮ್ಮಗ ಇಂಜೆಕ್ಷನ್ ಕೊಟ್ಟಿದ್ರಂತ, ಸರ್' ಎಂದಳು ಸುಜಾತ. 'ಕೂಸಿನ ಶ್ವಾಸಕೋಶ ಬಲೀಲಿ ಅಂತ. ಈಗ ನಾವೂ ಕೊಡ್ತೀವಿ.'

ಆ ಇಂಜೆಕ್ಷನ್ನಿನ ಕಥೆ ನನಗೆ ಗೊತ್ತಿತ್ತು. ದಿನ ತುಂಬದೆ ಹುಟ್ಟಿದ ಜೀವವನ್ನು ಅದು ಉಳಿಸಬಲ್ಲದೆಂದು ಮೊದಲು ತಿಳಿದದ್ದು ಕುರಿಮರಿಗಳಿಂದ. ಎಲ್ಲೋ ದೂರದ ದೇಶದಲ್ಲಿ, ಗಬ್ಬದ ಕುರಿಗಳ ಮೇಲೆ ಮಾಡಿದ ಪ್ರಯೋಗದಿಂದ. ಹೇಳಿದೆ. ಹೇಳಬಾರದಿತ್ತೇನೋ ಎಂದು ಹೇಳಿದ ಮೇಲೆ ಅನ್ನಿಸಿತು.

ಹುಲಿಗೆಮ್ಮನ ಕೈ ನಿಂತಿತು. ಮಗಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

'ಆ ಮರಿಗಳನ್ನ ಹೆಂಗ ಎತ್ತಿದ್ರಂತ?'

'ಗೊತ್ತಿಲ್ಲ ಅಕ್ಕಾ. ಅದನ್ನ ಯಾರೂ ಬರದಿಟ್ಟಿಲ್ಲ.'

ಆಕೆ ಸಿಪ್ಪೆಯನ್ನೆಲ್ಲ ಬಳಿದು ಮೊರಕ್ಕೆ ಹಾಕಿ ಎದ್ದು ನಿಂತಳು. 'ನಿಮ್ಮ ಹುಡುಗರನ್ನ ನಾಳೆ ಯಾರಾರ ಹಿಂಗ ಕೇಳಿದ್ರ, ಗೊತ್ತಿಲ್ಲ ಅನಬಾರ್ದು. ಸೋಮವಾರ ಬರ್ತೀನಿ. ಎಲ್ಲಾರಿಗೂ ಉಗುರು ಕತ್ತರಿಸ್ಕೊಂಡು ಬರಾಕ ಹೇಳ್ರಿ. ನೀವೂ.'

ನಾಳೆ ಸೋಮವಾರ. ಹಿತ್ತಿಲ ಕಟ್ಟೆಯ ಮೇಲೆ ಕೂತು ಹತ್ತೂ ಉಗುರು ಕತ್ತರಿಸಿಕೊಂಡಿದ್ದೇನೆ. ಹೆಬ್ಬೆರಳಿನದು ಒಂದು ಕಡೆ ಸ್ವಲ್ಪ ಚೂಪಾಗಿದೆ ಎನ್ನಿಸಿ, ಅದನ್ನು ಮತ್ತೊಮ್ಮೆ ಉಜ್ಜುತ್ತಿದ್ದೇನೆ.